ಹಲ್ಲಿನ ಡಾಕ್ಟರ ನೆಲಮಾಳಿಗೆಯ ಶಾರ್ಕ್

ನಮ್ಮ ಊರಿನಿಂದ ಯಾವ ದಿಕ್ಕಿಗೆ ಕಾರು ಓಡಿಸಿದರೂ ಕಡಲು ಸಿಗುವಷ್ಟರಲ್ಲಿ ಬೆನ್ನು ಮುರಿದಿರುತ್ತದೆ. ಆದ್ದರಿಂದಲೇ ಇಂಡಿಯಾನಾದ ಮೆಕ್ಕೆಜೋಳದ ಹೊಲಗಳ ನಡುವೆ ಹುಟ್ಟಿದ ನಮಗೆ ಕಡಲೆಂದರೆ ಪ್ರಾಣ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ದೂರದ ಕಡಲು ಇನ್ನೂ ನುಣ್ಣಗೆ. ಅದರ ನಾತ ಇಲ್ಲಿಯವರೆಗೆ ಬರುವುದಿಲ್ಲ. ಹೀಗಾಗಿ ಹಾರ್‌ಗ್ರೋವ್ ಪಟ್ಟಣದವರಾದ ನಾವು ಕಡಲನ್ನು ಉಳಿಸಲು ನದಿಯ ದಡದಲ್ಲೊಂದು ಅಕ್ವೇರಿಯಂ ಕಟ್ಟಿಕೊಂಡೆವು. ನದಿಯನ್ನು ಉಳಿಸುವುದು ಯಾರಿಗೂ ಹೊಳೆಯಲಿಲ್ಲ. ಅದು ತೀರಾ ಹತ್ತಿರವಿತ್ತು.

ನಾನು ವಿಲ್ಮಾ ಕ್ರುಪಾ, ಅಲ್ಲಿಯ ಶಾರ್ಕ್ ತೊಟ್ಟಿಯ ಉಸ್ತುವಾರಿ. ನಮ್ಮ ನಿರ್ದೇಶಕರು ಹೋಲ್ಕೂಂಬ್. ಇದಕ್ಕೆ ಮುಂಚೆ ಅವರು ಒಂದು ಶಾಪಿಂಗ್ ಮಾಲ್ ನಡೆಸುತ್ತಿದ್ದರು. ಅದು ಮುಚ್ಚಿಹೋದ ಮೇಲೆ ಅವರಿಗೆ ಸಮುದ್ರಜೀವಿಗಳ ಮೇಲೆ ಕರುಣೆ ಹುಟ್ಟಿತು. ಬಂದವರೇ ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧಿಸಿದರು. ಅದರ ಬದಲು ಬಂದ ಕಾಗದದ ಸ್ಟ್ರಾ ಎರಡನೇ ಗುಟುಕಿಗೇ ಬಾಯಲ್ಲಿ ಮುದ್ದೆಯಾಗುತ್ತಿತ್ತು. ಪಕ್ಕದ ಮಾರಾಟ ಮಳಿಗೆಯಲ್ಲಿ ಮಾತ್ರ ಅಪ್ಪಟ ಪ್ಲಾಸ್ಟಿಕ್ ಶಾರ್ಕುಗಳು ರಾಶಿ ಬಿದ್ದಿದ್ದವು. ಅವು ಪೆಸಿಫಿಕ್ ಸಾಗರವನ್ನು ಹಡಗಿನಲ್ಲಿ ದಾಟಿ ಬಂದವು. ನಮ್ಮ ತೊಟ್ಟಿಯ ಜೀವಿಗಳಿಗಿಂತ ಹೆಚ್ಚು ಕಡಲು ಕಂಡವು.

ಒಂದು ದಿನ ಹೋಲ್ಕೂಂಬ್ ನನ್ನನ್ನು ಕೋಣೆಗೆ ಕರೆದರು. ಮುಖ ಅರಳಿತ್ತು.

"ವಿಲ್ಮಾ, ಭರ್ಜರಿ ಸುದ್ದಿ! ಡಾಕ್ಟರ್ ವಾಂಡರ್‌ವೀನ್ ನಮಗೊಂದು ಶಾರ್ಕ್ ಕೊಡ್ತಾರಂತೆ."

"ಹಲ್ಲಿಗೆ ತಂತಿ ಕಟ್ಟೋ ಡಾಕ್ಟ್ರಾ? ಅವ್ರಿಗೆ ಶಾರ್ಕ್ ಎಲ್ಲಿಂದ ಬಂತು?"

"ಮನೇಲೇ ಇದೆಯಂತೆ. ನೆಲಮಾಳಿಗೇಲಿ. ಮರಿ ಇದ್ದಾಗ ಕೊಂಡಿದ್ರಂತೆ."

"ಬೇಡ ಅನ್ನಿ," ಎಂದೆ. "ಜನ ಸಾಕೋಕೆ ಅಂತ ತಂದಿದ್ದನ್ನ ನಾವು ತಗೋಬಾರ್ದು. ಒಂದು ತಗೊಂಡ್ರೆ ನಾಳೆ ಹತ್ತು ಜನ ಫೋನ್ ಮಾಡ್ತಾರೆ. ಬೆಳೆದ್ಮೇಲೆ ಅಕ್ವೇರಿಯಮ್ಮಿನವ್ರು ಒಯ್ತಾರೆ ಬಿಡು ಅನ್ನೋ ಧೈರ್ಯದಲ್ಲೇ ಇನ್ನೊಬ್ಬ ಮರಿ ಕೊಳ್ತಾನೆ."

"ಇದು ಸಾಕಿದ್ದು ಅಂತ ಯಾಕೆ ನೋಡ್ತೀರಿ? ಇದು ರಕ್ಷಣೆ."

"ಯಾರಿಂದ ರಕ್ಷಣೆ?"

ಹೋಲ್ಕೂಂಬ್ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಕಾಣುತ್ತಿದ್ದುದು ಪಾರ್ಕಿಂಗ್ ಜಾಗ, ಅದು ಖಾಲಿಯಿತ್ತು. "ಹೊಸ ತೊಟ್ಟಿಗೆ ದೇಣಿಗೇನೂ ಕೊಡ್ತಾರಂತೆ," ಎಂದು ಮೆಲ್ಲಗೆ ಹೇಳಿದರು.

ಹೀಗೆ ಆ ಶಾರ್ಕು ಅಪಾಯದಲ್ಲಿದೆ ಎಂದು ತೀರ್ಮಾನವಾಯಿತು.

ಡಾ. ಲೈಲ್ ವಾಂಡರ್‌ವೀನರನ್ನು ಊರಿನಲ್ಲಿ ಎಲ್ಲರೂ ಬಲ್ಲರು. ಹೆದ್ದಾರಿಯ ಪಕ್ಕದ ಅವರ ದವಾಖಾನೆಯ ಮೇಲೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ನಗುವ ದೊಡ್ಡ ಶಾರ್ಕಿನ ಚಿತ್ರವಿದೆ. ನಾನೂ ನಮ್ಮ ಮುಳುಗುಗಾರ ಓಟಿಸನೂ ಲಾರಿ, ಜೋಲಿ, ಆಳುಗಳ ಸಮೇತ ಅವರ ಮನೆಗೆ ಹೋದಾಗ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. ಪಕ್ಕದಲ್ಲಿ ಟಿವಿಯವರ ಕ್ಯಾಮೆರಾ. ಅಳ್ಳಕವಾಗಿದ್ದ ಟೈ ಸರಿಮಾಡಿಕೊಂಡು, "ಬನ್ನಿ ಬನ್ನಿ. ಡ್ಯೂಕ್ ಕಾಯ್ತಿದ್ದಾನೆ. ಮಗು ಥರ ಸಾಕಿದ್ದೀನಿ," ಎಂದರು.

ಮಗು ನೆಲಮಾಳಿಗೆಯಲ್ಲಿತ್ತು. ಒಂಬತ್ತಡಿಯ ಗಾಜಿನ ತೊಟ್ಟಿ, ಒಳಗೆ ಏಳಡಿಯ ನರ್ಸ್ ಶಾರ್ಕ್. ಕಂದುಬಣ್ಣದ, ತಳದಲ್ಲಿ ಮಲಗಿ ಕಾಲ ಕಳೆಯುವ ಸಾಧು ಜೀವಿ ಅದು. ಮೈ ಪೂರ್ತಿ ಮಡಚದೆ ಅದಕ್ಕೆ ಹೊರಳಲು ಜಾಗವಿರಲಿಲ್ಲ. ಗಾಜಿಗೆ ಉಜ್ಜಿ ಉಜ್ಜಿ ಮೂಗಿನ ತುದಿಯ ಚರ್ಮ ಸುಲಿದು ಬೆಳ್ಳಗಾಗಿತ್ತು. ಓಟಿಸ್ ಮಂಡಿಯೂರಿ ಕೆಳಗಿನಿಂದ ಇಣುಕಿದ.

"ಡಾಕ್ಟ್ರೇ, ಇದು ಡ್ಯೂಕ್ ಅಲ್ಲ. ಹೆಣ್ಣು."

"ಹೌದಾ!"

"ಇಷ್ಟು ವರ್ಷ ಹೊಟ್ಟೆ ಕೆಳಗೆ ನೋಡ್ಲೇ ಇಲ್ವಾ?"

"ನಾನು ಹಲ್ಲಿನ ಡಾಕ್ಟರು," ಎಂದರು ವಾಂಡರ್‌ವೀನ್, ಗಾಂಭೀರ್ಯ ಬಿಡದೆ.

ಆಗ ಮೆಟ್ಟಿಲಿಳಿದು ಬಂದವರು ಅವರ ಹೆಂಡತಿ ಮಾರ್ನಿ. ಬಹಳ ಕಾಲ ಶಾಲೆಯ ಬಸ್ಸು ಓಡಿಸಿದ ಹೆಂಗಸು. ದನಿ ಈಗಲೂ ಹಿಂದಿನ ಸೀಟಿನವರೆಗೆ ಮುಟ್ಟುತ್ತಿತ್ತು. ಕೈಯಲ್ಲಿದ್ದ ಬಟ್ಟಲಿನಿಂದ ಮೀನಿನ ತುಂಡು ತೆಗೆದು ನೀರಿಗೆ ಕೈಯಿಟ್ಟರು. ಶಾರ್ಕು ಮೆಲ್ಲನೆ ಮೇಲೆದ್ದು ಸೊರ್ರೆಂದು ತುಂಡನ್ನು ಎಳೆದುಕೊಂಡಿತು.

"ಹೊಟ್ಟೆ ತುಂಬಾ ಕೊಡ್ತಿಲ್ಲ, ದಾರೀಲಿ ವಾಂತಿ ಮಾಡ್ಕೊಂಡೀತು," ಎಂದರು ನನಗೆ. "ದಿನಾ ಊಟ ಹಾಕೋದು ನಾನೇ. ಇವನು ನೆಂಟ್ರು ಬಂದಾಗ ಮಾತ್ರ ಇಳಿದು ಬರ್ತಾನೆ, ದೀಪ ಹಾಕೋಕೆ."

ತೊಂದರೆ ಶುರುವಾದದ್ದು ಶಾರ್ಕನ್ನು ಜೋಲಿಗೆ ಹಾಕಿ ಎತ್ತಿದ ಮೇಲೆ. ನೆಲಮಾಳಿಗೆಗೆ ಹಿತ್ತಲ ಕಡೆ ಅಗಲವಾದ ಬಾಗಿಲಿದೆ, ನೇರ ಹೊರಗೆ ಹೋಗಬಹುದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಬಾಗಿಲೇನೋ ಇತ್ತು. ಅದಕ್ಕೂ ನಮಗೂ ನಡುವೆ ಅವರು ಆಮೇಲೆ ಕಟ್ಟಿಸಿದ ಬಾರ್ ಕೂಡ ಇತ್ತು: ಓಕ್ ಮರದ ಕಟ್ಟೆ, ಹಿಂದೆ ಕನ್ನಡಿ, ಕನ್ನಡಿಯ ಮುಂದೆ ಸಾಲು ಸಾಲು ವಿಸ್ಕಿ. ಉಳಿದದ್ದು ಮೆಟ್ಟಿಲು, ಅದು ಅರ್ಧದಲ್ಲಿ ಗಕ್ಕನೆ ತಿರುಗುತ್ತಿತ್ತು. ಏಳಡಿಯ ಶಾರ್ಕು ಅಲ್ಲಿ ತಿರುಗಲು ಒಪ್ಪಲಿಲ್ಲ. ಎರಡು ಸಲ ನೋಡಿ ವಾಪಸು ಇಳಿದೆವು. ಓಟಿಸ್ ಅದರ ಕಿವಿರಿನ ಮೇಲೆ ಬಕೆಟಿನಿಂದ ನೀರು ಸುರಿಯುತ್ತಲೇ ಇದ್ದ.

"ಬಾರ್ ಕೀಳ್ಬೇಕು," ಎಂದೆ.

"ಮುಟ್ಟಬೇಡಿ!" ಡಾಕ್ಟರು ಎರಡೂ ಕೈ ಚಾಚಿ ಅಡ್ಡ ನಿಂತರು. "ಅಪ್ಪಟ ಓಕ್ ಅದು. ಬಡಗೀನ ಕೆಂಟಕಿಯಿಂದ ಕರೆಸಿದ್ದು."

"ಓಕ್ ಮರಕ್ಕೆ ಉಸಿರಾಡೋ ಕಷ್ಟ ಇಲ್ಲ ಡಾಕ್ಟ್ರೇ," ಎಂದ ಓಟಿಸ್. "ಇದಕ್ಕಿದೆ."

"ಬೇರೆ ದಾರಿ ಯೋಚಿಸೋಣ. ಎಲ್ಲರೂ ಸಮಾಧಾನವಾಗಿ..."

ಮಾರ್ನಿ ಯಾವಾಗ ಮೇಲೆ ಹೋದರೋ ಯಾರೂ ನೋಡಲಿಲ್ಲ. ಇಳಿದು ಬಂದಾಗ ಕೈಯಲ್ಲಿ ಕಾರುಕೊಟ್ಟಿಗೆಯ ಸುತ್ತಿಗೆಯಿತ್ತು. ಗಂಡನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದರು.

"ಮಾರ್ನಿ, ಏನೇ ಇದು! ಹುಚ್ಚಾ ನಿಂಗೆ?"

"ಇಷ್ಟು ವರ್ಷ ನಿನ್ನ ಬಾರಲ್ಲಿ ನೀನು ಆರಾಮಾಗಿ ಓಡಾಡಿದ್ದಾಯ್ತಲ್ಲ ಲೈಲ್. ಈಗ ಅದು ಓಡಾಡ್ಲಿ. ಸರಿಯೋ ಅತ್ಲಾಗೆ."

ಮೊದಲ ಏಟಿಗೆ ಕನ್ನಡಿ, ಎರಡನೆಯದಕ್ಕೆ ಹಲಗೆ. ಆಮೇಲೆ ನಮ್ಮ ಆಳುಗಳೂ ಸೇರಿಕೊಂಡರು. ಒಡೆದ ಸೀಸೆಗಳ ವಿಸ್ಕಿ ನೆಲದ ಮೇಲೆ ಹರಿಯುತ್ತಿರಲು, ಆ ಹಾದಿಯಲ್ಲಿ ಶಾರ್ಕು ಜೋಲಿಯಲ್ಲಿ ತೂಗುತ್ತ ಮದುಮಗಳಂತೆ ಹೊರಟಿತು. ಲಾರಿಯ ತೊಟ್ಟಿಗೆ ಇಳಿಸಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಬಾಲ ಆಡಿಸಿತು. ಮಾರ್ನಿ ಅಲ್ಲೇ ಹುಲ್ಲಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ಟಿವಿಯಲ್ಲಿ ಇದಾವುದೂ ಬರಲಿಲ್ಲ. ಡಾಕ್ಟರು ಶಾರ್ಕಿನ ಬೆನ್ನು ಸವರಿ ಬೀಳ್ಕೊಡುವುದು ಮಾತ್ರ ಬಂತು.

ಸನ್ಮಾನ ಸಮಾರಂಭ ಅಕ್ವೇರಿಯಮ್ಮಿನ ದೊಡ್ಡ ಗಾಜಿನ ಮುಂದೆಯೇ ನಡೆಯಿತು. ಕಡಲಜೀವಿಗಳನ್ನು ಉಳಿಸಲು ಬಂದವರಿಗೆಲ್ಲ ಸೀಗಡಿ ಬಡಿಸಿದರು. ಹೋಲ್ಕೂಂಬ್ ಡಾಕ್ಟರಿಗೆ 'ಶಾರ್ಕ್ ರಕ್ಷಕ' ಎಂಬ ಬಿರುದು ಕೊಟ್ಟರು. ಗೋಡೆಗೆ ಕಂಚಿನ ಫಲಕ ಬಂತು. ಡಾಕ್ಟರು ಕಡಲಿನ ಭವಿಷ್ಯದ ಬಗ್ಗೆ, ಬಹುಪಾಲು ತಮ್ಮ ಬಗ್ಗೆ, ಮಾತಾಡಿದರು. ಗೌರವಕ್ಕೆ ಪಾತ್ರವಾದ ಶಾರ್ಕು ಕಲ್ಲಿನ ಪೊಟರೆಯಲ್ಲಿ ತಲೆ ತೂರಿಸಿ ಮಲಗಿದ್ದು, ಸಭೆಗೆ ಬಾಲ ಮಾತ್ರ ತೋರಿಸಿತು.

ಆಮೇಲೆ ಫೋನುಗಳು ಶುರುವಾದವು. ಒಬ್ಬ ವಕೀಲರ ಈಜುಕೊಳದಲ್ಲೊಂದು ಶಾರ್ಕು. ಒಬ್ಬ ಟ್ರ್ಯಾಕ್ಟರ್ ವ್ಯಾಪಾರಿಯ ಮಗನ ಕೋಣೆಯಲ್ಲೊಂದು. ಎಲ್ಲರಿಗೂ ದಿಢೀರನೆ ಕಡಲಿನ ಚಿಂತೆ ಹತ್ತಿತ್ತು. ಎಲ್ಲರೂ ಕಡೆಗೆ ಕೇಳುತ್ತಿದ್ದುದು ಒಂದೇ: "ಫಲಕ ಎಷ್ಟು ದೊಡ್ಡದು ಮಾಡಿಸ್ತೀರಿ?" ಪಕ್ಕದ ಜಿಲ್ಲೆಯ ಸಾಕುಪ್ರಾಣಿ ಅಂಗಡಿಯವನೊಬ್ಬ ಗಾಜಿನ ಮೇಲೆ ಬೋರ್ಡು ಅಂಟಿಸಿದ: 'ಶಾರ್ಕ್ ಮರಿಗಳಿವೆ. ಬೆಳೆದರೆ ಚಿಂತೆ ಬೇಡ, ಅಕ್ವೇರಿಯಂ ಒಯ್ಯುತ್ತದೆ!' ಹೋಲ್ಕೂಂಬ್ ಅದನ್ನು ನಮ್ಮ ಜನಪ್ರಿಯತೆಯ ಗುರುತೆಂದು ತಿಳಿದರು.

"ನಾನು ಹೇಳಿದ್ದೆ," ಎಂದೆ.

"ನೀವು ಹತ್ತು ಅಂದಿದ್ರಿ. ಇನ್ನೂ ಆರೇ ಬಂದಿರೋದು," ಎಂದರು.

ಏಳನೆಯದು ಫೋನು ಮಾಡದೆ ಬಂತು. ಒಂದು ಬೆಳಿಗ್ಗೆ ಹಿಂಬಾಗಿಲ ಬಳಿ ಯಾರೋ ಬಿಯರ್ ತಣ್ಣಗಿಡುವ ಡಬ್ಬ ಬಿಟ್ಟು ಹೋಗಿದ್ದರು. ಮುಚ್ಚಳ ತೆಗೆದರೆ ಎರಡಡಿಯ ನರ್ಸ್ ಶಾರ್ಕ್ ಮರಿ, ಸುರುಳಿ ಸುತ್ತಿಕೊಂಡು, ಅಂಗೈ ಆಳದ ನೀರಿನಲ್ಲಿ. ಸತ್ತು ಬಹಳ ಹೊತ್ತಾಗಿತ್ತು. ನಾನು ಅದನ್ನು ಕೈಯಲ್ಲಿ ಎತ್ತಿಕೊಂಡು ನಿಂತಿದ್ದಾಗ ಮಾರ್ನಿ ಬಂದರು. ತಮ್ಮ ಶಾರ್ಕನ್ನು ನೋಡಲು ಅವರು ಬಹುತೇಕ ದಿನ ಬರುತ್ತಿದ್ದರು. ಓಟಿಸ್ ಅವರನ್ನು ಹಿಂಬಾಗಿಲಿನಿಂದಲೇ ಒಳಗೆ ಬಿಡುತ್ತಿದ್ದ.

"ಇದೆಲ್ಲಿಂದ ಬಂತು?"

"ಯಾರೋ ದಾನ ಮಾಡಿದ್ದಾರೆ," ಎಂದೆ. ನಾಲಿಗೆಗೆ ಅಭ್ಯಾಸ.

ಮಾರ್ನಿ ಮರಿಯ ಮೂಗಿನ ಮೇಲೆ ಬೆರಳಾಡಿಸಿದರು. "ನಮ್ದೂ ಬಂದಾಗ ಇಷ್ಟೇ ಇತ್ತು," ಎಂದಷ್ಟೇ ಹೇಳಿ ಒಳಗೆ ಹೋದರು.

ಅವತ್ತು ದೊಡ್ಡ ಗಾಜಿನ ಮುಂದೆ ಒಂದಷ್ಟು ಸಂಸಾರಗಳು ನೆರೆದಿದ್ದವು. ಒಬ್ಬ ಅಪ್ಪ ಮಗಳಿಗೆ ಕಂಚಿನ ಫಲಕ ಓದಿ ಹೇಳುತ್ತಿದ್ದ. ಮಾರ್ನಿ ಅವರ ಮುಂದೆ ಹೋಗಿ ನಿಂತರು. ಯಾರೂ ಕರೆದಿರಲಿಲ್ಲ, ಮೈಕು ಬೇಕಿರಲಿಲ್ಲ.

"ಅದು ಪೂರ್ತಿ ನಿಜ ಅಲ್ಲ," ಎಂದರು. "ಈ ಶಾರ್ಕನ್ನ ಕಾಪಾಡಿದ ಮಹಾಶಯ ನನ್ನ ಗಂಡ. ಇದನ್ನ ನೆಲಮಾಳಿಗೇಲಿ ಕೂಡಿಹಾಕಿದ್ದೂ ಅವನೇ. ನಾನು ಬೇಡ ಅಂದಿದ್ರೆ ನಿಲ್ತಿತ್ತು. ಅನ್ಲಿಲ್ಲ. ಊಟ ಹಾಕ್ತಿದ್ನಲ್ಲ, ಒಳ್ಳೆಯವಳು ಅಂದ್ಕೊಂಡಿದ್ದೆ." ಹಾಗೆಂದು ಶುರುಮಾಡಿ ತೊಟ್ಟಿ, ಸುಲಿದ ಮೂಗು, ಓಕ್ ಮರದ ಬಾರು, ಆ ಬೆಳಗಿನ ಬಿಯರ್ ಡಬ್ಬ, ಎಲ್ಲ ಹೇಳಿದರು. ಯಾರೂ ಕದಲಲಿಲ್ಲ.

ಮರುವಾರವೂ ಬಂದು ಹೇಳಿದರು. ಹೋಲ್ಕೂಂಬ್ ಅವರನ್ನು ಪಕ್ಕಕ್ಕೆ ಕರೆದರು.

"ಅಮ್ಮಾ, ದಾನಿಗಳ ಬಗ್ಗೆ ಹೀಗೆಲ್ಲ ಮಾತಾಡೋ ಅಧಿಕಾರ ಯಾರಿಗೂ ಇಲ್ಲ."

"ನಾನು ಅವನ ಹೆಂಡ್ತಿ. ಬೈಯೋ ಅಧಿಕಾರ ಪಾದ್ರಿ ಎದುರಿಗೇ ಸಿಕ್ಕಿದೆ."

ಕಡೆಗೊಂದು ಶನಿವಾರ ಡಾಕ್ಟರೇ ಬಂದರು. ಹೆಂಡತಿಯ ಬಾಯಿ ಮುಚ್ಚಿಸಲು ಹೋಲ್ಕೂಂಬರೇ ಫೋನು ಮಾಡಿ ಕರೆಸಿದ್ದರು. ಡಾಕ್ಟರು ಗುಂಪಿನ ಹಿಂದೆ ಕೈಕಟ್ಟಿ ನಿಂತರು. ಮಾರ್ನಿ ನೋಡಿಯೂ ನೋಡದವರಂತೆ ಮುಂದುವರಿಸಿದರು.

"ಎಂಟಡಿ ತೊಟ್ಟೀಲಿ..."

"ಒಂಬತ್ತು," ಎಂದು ಹಿಂದಿನಿಂದ ದನಿ ಬಂತು. ಎಲ್ಲರೂ ತಿರುಗಿದರು. "ಒಂಬತ್ತಡಿ. ಹೇಳೋದಾದ್ರೆ ಸರಿಯಾಗಿ ಹೇಳು."

"ಅಷ್ಟು ಚೆನ್ನಾಗಿ ಗೊತ್ತಿದ್ರೆ ನೀನೇ ಬಂದು ಹೇಳು, ಬಾ."

ಡಾಕ್ಟರು ಬಂದರು. ಭಾಷಣದ ರೂಢಿಯಿದ್ದ ಮನುಷ್ಯ. ಟೈ ಮುಟ್ಟಿಕೊಂಡರು, ಕೆಮ್ಮಿದರು, ಕಡಲಿನ ಭವಿಷ್ಯ ಎಂದು ಶುರುಮಾಡಿದರು. ಆಗ ಹಿಂದೆ ಗಾಜಿನೊಳಗೆ ಅವರ ಶಾರ್ಕು ಎದ್ದು, ತೊಟ್ಟಿಯ ಉದ್ದಕ್ಕೂ ಸಾಗಿ, ಆ ತುದಿಯಲ್ಲಿ ನಿರಾಯಾಸವಾಗಿ ಒಂದು ಸುತ್ತು ತಿರುಗಿ ವಾಪಸು ಬಂತು. ಡಾಕ್ಟರು ಅದನ್ನು ನೋಡುತ್ತ ಮಾತು ಮರೆತರು.

"ಶಾರ್ಕ್‌ಗೆ ಹಿಂದಕ್ಕೆ ಈಜೋಕೆ ಬರಲ್ಲ," ಎಂದರು ಕೊನೆಗೆ, ಬೇರೆಯೇ ದನಿಯಲ್ಲಿ. "ಅದು ನಂಗೆ ಗೊತ್ತಿತ್ತು. ಕೊನೆಕೊನೆಗೆ ಇವಳು ಮೂಲೇಲಿ ಸಿಕ್ಕಿ ಹಿಂದಕ್ಕೆ ಬರೋಕೆ ನೋಡ್ತಿದ್ಲು. ಗಾಜಿಗೆ ಬಡಿಯೋ ಸದ್ದು ಮೇಲಿನವರೆಗೂ ಕೇಳ್ತಿತ್ತು. ನಾನು ಟಿವಿ ಸದ್ದು ಜಾಸ್ತಿ ಮಾಡ್ತಿದ್ದೆ."

ಮಾರ್ನಿಗೂ ಅದು ಹೊಸ ಸುದ್ದಿಯಾಗಿತ್ತೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಹೋಲ್ಕೂಂಬ್ ನನ್ನ ಕಿವಿಯ ಬಳಿ ಬಗ್ಗಿದರು. "ಅದ್ಭುತ! ದಿನಕ್ಕೆರಡು ಸಲ ಹೇಳ್ತಾರೇನೋ ಕೇಳಿ ನೋಡಿ. ಬೇರೆ ಟಿಕೆಟ್ ಇಡಬಹುದು."

ಡಾಕ್ಟರು ಮತ್ತೆಂದೂ ಜನರ ಮುಂದೆ ನಿಂತು ಮಾತಾಡಲಿಲ್ಲ. ಅಂಗಡಿಯವನು ಗಾಜಿನ ಮೇಲಿನ ಬೋರ್ಡು ಕಿತ್ತ, ಮರಿ ಮಾರುವುದನ್ನು ಬಿಡಲಿಲ್ಲ. ಫೋನುಗಳು ಕಡಿಮೆಯಾದವು, ನಿಂತವು ಎಂದರೆ ಸುಳ್ಳಾಗುತ್ತದೆ. ಆದರೆ ಈಗ ಫೋನು ಮಾಡುವವರು ಫಲಕದ ಅಳತೆ ಕೇಳುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ. ಕೆಲವರು, ಮರಿ ಕೊಳ್ಳಬೇಕೆಂದಿದ್ದೆವು, ಬಿಟ್ಟೆವು ಎಂದು ಹೇಳಲಿಕ್ಕಷ್ಟೇ ಫೋನು ಮಾಡುತ್ತಾರೆ. ಇಂಥ ಕೆಲಸಕ್ಕೆ ನಮ್ಮಲ್ಲಿ ಬಿರುದಿಲ್ಲ.

ಶನಿವಾರಗಳಂದು ಮಾರ್ನಿಯನ್ನು ಡಾಕ್ಟರೇ ಕಾರಿನಲ್ಲಿ ಕರೆತರುತ್ತಾರೆ. ಹೆಂಡತಿ ಮಾತಾಡುವಷ್ಟು ಹೊತ್ತೂ ಕೊನೆಯ ಬೆಂಚಿನಲ್ಲಿ, ಆಕೆಯ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಮೊನ್ನೆ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಗುರುತು ಸಿಗದೆ ಅವರ ಕಡೆ ವಾಲಿ, "ಆ ಗಂಡ ಎಂಥ ಗೂಬೆ ಇರ್ಬೇಕು, ಅಲ್ವಾ?" ಎಂದಳು.

"ಹೌದು," ಎಂದರು ಡಾಕ್ಟರು. "ನಂಗೆ ಚೆನ್ನಾಗಿ ಗೊತ್ತು ಅವನು."