ಮನೆಗಾಡಿಯ ಟಾಪಿಗೆ ನೀರು

ಲೈಲ್ ಪ್ರೂಯಿಟ್ ಮತ್ತೆ ಬಂದ. ಆರ್ಡಿತ್ ಮುದುಕಿ ಸತ್ತಿರಬೇಕು, ಇಲ್ಲವೇ ಮರೆತಿರಬೇಕು ಎಂದುಕೊಂಡಿದ್ದನೋ ಏನೋ. ಅರಿಜೋನಾದ ಈ ಕಲ್ಲುಬಯಲಿಗೆ ಚಳಿ ಶುರುವಾಗುತ್ತಿದ್ದಂತೆ ಉತ್ತರದ ವಯಸ್ಸಾದವರೆಲ್ಲ ಮನೆಗಾಡಿ ಓಡಿಸಿಕೊಂಡು ಬಂದು ಬಿಡಾರ ಹೂಡುತ್ತಾರೆ. ಅಡುಗೆ, ಹಾಸಿಗೆ, ಕಕ್ಕಸು ಎಲ್ಲ ಗಾಡಿಯೊಳಗೇ. ಬೆಲ್ಲ ಇದ್ದಲ್ಲಿ ಇರುವೆ ಎನ್ನುವಂತೆ ಅವರ ಹಿಂದೆಯೇ ಹಳೆ ಗಾಡಿ ಮಾರುವವರೂ ಬರುತ್ತಾರೆ. ಲೈಲ್ ಅವರಲ್ಲಿ ಪಳಗಿದವನು. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

ಅವನ ಬಿಳಿ ಗಾಡಿ ಬಯಲಿನ ಅಂಚಿನಲ್ಲಿ ನಿಂತದ್ದನ್ನು ಆರ್ಡಿತ್ ಕೋಲ್ಬ್ ತನ್ನ ಗಾಡಿಯ ಕಿಟಕಿಯಿಂದ ಕಂಡಳು. ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ನೋಡುತ್ತಲೇ ಇದ್ದಳು. ಅವಳ ಗಂಡ ಮರ್ಲ್‌ನನ್ನು ಕೊಂದವನು ಅವನು. ಪೊಲೀಸರು ಅದನ್ನು ಅಪಘಾತ ಎಂದು ಬರೆದುಕೊಂಡರು. ಬರೆದುಕೊಳ್ಳಲಿ, ಅವರಪ್ಪನ ಗಂಟೇನು ಹೋಗಬೇಕು.

ಗಂಡ ಹೆಂಡತಿಗೆ ಈ ಗಾಡಿಯನ್ನು ಮಾರಿದವನು ಲೈಲೇ. ಆಗ ಅವರಿಬ್ಬರೂ ಈ ಬದುಕಿಗೆ ಹೊಸಬರು. ಚಕ್ರ ಒದ್ದು ನೋಡಿದರು, ಹಾಸಿಗೆಯ ಮೇಲೆ ಕೂತು ನೋಡಿದರು, ಪರದೆ ಚೆನ್ನಾಗಿದೆ ಎಂದರು. "ಒಣ ಬಯಲಿನ ಗಾಡಿ ಮೇಡಂ. ಹುಟ್ಟಿದಾಗಿಂದ ಒಂದು ಹನಿ ಮಳೆ ಕಂಡಿಲ್ಲ. ಬೇಕಾದ್ರೆ ಟಾಪಿನ ಮೇಲೆ ಹತ್ತಿ ಕುಣೀರಿ," ಎಂದಿದ್ದ ಲೈಲ್. ಚಳಿ ಕಳೆದ ಮೇಲೆ, ವರ್ಷಕ್ಕೊಮ್ಮೆ ಎಲ್ಲರೂ ಮಾಡುವಂತೆ, ಟಾಪಿನ ಸಂದುಗಳಿಗೆ ಅಂಟು ಬಳಿಯಲು ಮರ್ಲ್ ಮೇಲೆ ಹತ್ತಿದ. ಕುಣಿಯಲಿಲ್ಲ ಪಾಪ, ನಡೆದ ಅಷ್ಟೆ. ಕಾಲು ಮಂಡಿಯವರೆಗೆ ಒಳಗೆ ಕುಸಿಯಿತು. ಕಿತ್ತುಕೊಳ್ಳಲು ಹೋಗಿ ಅಂಚಿನಿಂದ ಉರುಳಿದ. ಕೆಳಗೆ ಕಲ್ಲು.

ಮಣ್ಣು ಮಾಡಿದ ಮೇಲೆ ಆರ್ಡಿತ್ ಲೈಲ್‌ನನ್ನು ಹುಡುಕಿಕೊಂಡು ಹೋಗಿದ್ದಳು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, "ನಂಗೇನ್ ಗೊತ್ತಿತ್ತು ಮೇಡಂ? ನಾನೂ ನಂಬಿ ತಂದವ್ನೇ," ಎಂದ. ಕಣ್ಣಲ್ಲಿ ನೀರೂ ತಂದುಕೊಂಡ. ಗಂಡ ಸತ್ತದ್ದಕ್ಕಿಂತ ಆ ಕಣ್ಣೀರೇ ಅವಳ ಹೊಟ್ಟೆಯಲ್ಲಿ ಬೆಂಕಿಯಾಗಿ ಉಳಿಯಿತು.

ಗೊತ್ತಿತ್ತು ಎಂಬುದು ಅವಳಿಗೆ ಟಾಪು ಕಿತ್ತಾಗ ತಿಳಿಯಿತು. ಪಕ್ಕದ ಬಿಡಾರದ ಫೆರಿಸ್ ಜೊತೆ ಸೇರಿ ಬಿಚ್ಚಿದರೆ ಒಳಗಿನ ಹಲಗೆ ಕರ್ರಗೆ ಕೊಳೆತು, ನೆನೆದ ರೊಟ್ಟಿಯ ಹಾಗೆ ಕೈಗೆ ಬರುತ್ತಿತ್ತು. ಹೊಸದಾಗಿ ಬಳಿದ ಬಿಳಿ ಬಣ್ಣದ ಕೆಳಗೆ ಪಾಚಿ, ಪಾಚಿಯಲ್ಲಿ ಪೈನ್ ಮರದ ಎಲೆ. ಈ ಬಯಲಿನಲ್ಲಿ ಮುಳ್ಳುಕಳ್ಳಿ ಬಿಟ್ಟರೆ ನೆರಳಿಗೂ ಮರವಿಲ್ಲ. ಗಾಡಿ ವರ್ಷಪೂರ್ತಿ ಮಳೆ ಸುರಿಯುವ ಓರೆಗನ್ ಕಡಲತೀರದ್ದು. ಅಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಇಲ್ಲಿ ಮಳೆಯೇ ಬಾರದ ಊರಿಗೆ ತಂದು ನಿಲ್ಲಿಸಿದರೆ, ಸೋರುವುದು ಯಾರಿಗೆ ತಿಳಿಯಬೇಕು? ಮೇಲೆ ಥಳಕು, ಒಳಗೆ ಹುಳುಕು.

ಆಮೇಲೆ ಅವಳು ಟಾಪು ಹೊಸದಾಗಿ ಕಟ್ಟಿದಳು, ಹಳೆ ಗಾಡಿಯ ಕಸುಬೆಲ್ಲ ಕಲಿತಳು. ಬಯಲಿನಲ್ಲಿ ಯಾರೇ ಗಾಡಿ ಕೊಳ್ಳಲಿ, ಮೊದಲು ಆರ್ಡಿತ್‌ಳನ್ನು ಕರೆದುಕೊಂಡು ಹೋಗುತ್ತಿದ್ದರು. "ಪರದೆ ನೋಡ್ಬೇಡಿ, ಮೊದ್ಲು ಮೂಗು ಹಾಕಿ," ಎನ್ನುತ್ತಿದ್ದಳು. "ಸೆಂಟು ಹೊಡೆದಿದ್ರೆ ಹಂಗೇ ವಾಪಸ್ ಬನ್ನಿ. ಎಂಜಿನ್ ಮುಟ್ಟಿ ನೋಡಿ, ನೀವು ಬರೋ ಮೊದ್ಲೇ ಬಿಸಿಯಾಗಿದ್ರೆ ಏನೋ ಮುಚ್ಚಿಡ್ತಿದಾನೆ. ಟೈರು ಎಷ್ಟೇ ಹೊಳೀಲಿ, ಅದು ಹುಟ್ಟಿದ ವರ್ಷ ಅದರ ಮೈಮೇಲೇ ಇರುತ್ತೆ." ಜನ ಅವಳನ್ನು ಪುಣ್ಯಾತ್ಗಿತ್ತಿ ಎಂದರು. ಸುಳ್ಳೇಕೆ, ಅವಳಿಗೆ ಪುಣ್ಯ ಬೇಕಿರಲಿಲ್ಲ. ಲೈಲ್ ಬೇಕಿತ್ತು. 'ನನಗೆ ಗೊತ್ತಿತ್ತು' ಎಂದು ಅವನ ಬಾಯಿಂದಲೇ, ನಾಲ್ಕು ಜನರ ಎದುರು ಕೇಳಬೇಕಿತ್ತು.

ಬಯಲಿನಲ್ಲೊಂದು ಕಟ್ಟಳೆಯಿದೆ. ಗಾಡಿ ಮಾರುವವನು ಬಾಗಿಲ ಮುಂದೆ ಮಡಚುವ ಕುರ್ಚಿ ಬಿಡಿಸಿಡಬೇಕು. ಕುರ್ಚಿ ಇರುವಷ್ಟು ಹೊತ್ತು ಕೊಳ್ಳುವವರು ಯಾವ ಪರೀಕ್ಷೆ ಕೇಳಿದರೂ ಇಲ್ಲ ಎನ್ನುವಂತಿಲ್ಲ. ಇಲ್ಲ ಅಂದು ಕುರ್ಚಿ ಮಡಚಿದರೆ ಅವನ ಹತ್ತಿರ ಮತ್ತೆ ಯಾರೂ ಸುಳಿಯುವುದಿಲ್ಲ. ಲೈಲ್ ಕುರ್ಚಿ ಇಟ್ಟ. ನೆಬ್ರಾಸ್ಕಾದಿಂದ ಬಂದಿದ್ದ ಗ್ಲೆಂಡಾ ಮತ್ತು ಅವಳ ಗಂಡ ರಾಸ್ ಆ ಬಿಳಿ ಗಾಡಿಗೆ ಮನಸೋತು ಆರ್ಡಿತ್ ಹತ್ತಿರ ಓಡಿಬಂದರು.

"ಒಣ ಬಯಲಿನ ಗಾಡಿಯಂತೆ ಕಣ್ರೀ!" ಎಂದಳು ಗ್ಲೆಂಡಾ.

"ಹೌದಾ? ನಡೀರಿ, ನೋಡೇ ಬಿಡೋಣ," ಎಂದು ಆರ್ಡಿತ್ ಟೋಪಿ ಹಾಕಿಕೊಂಡಳು.

ಅವಳನ್ನು ಕಂಡು ಲೈಲ್‌ನ ಮುಖ ಒಮ್ಮೆ ಪೆಚ್ಚಾಯಿತು. ತಕ್ಷಣ ನಗು ಹಚ್ಚಿಕೊಂಡು, "ಮೇಡಂ! ಚೆನ್ನಾಗಿದೀರಾ? ಮರ್ಲ್ ಅವ್ರದ್ದು ನೆನೆಸ್ಕೊಂಡ್ರೆ ಈಗ್ಲೂ..." ಎಂದ.

"ಅವನ ಹೆಸರು ಎತ್ಬೇಡ. ಬಾಗ್ಲು ತೆಗಿ."

ಒಳಗೆಲ್ಲ ನಿಂಬೆಹಣ್ಣಿನ ವಾಸನೆ. ಹಾಸಿಗೆಯ ಮೇಲಿನ ಮೂಲೆಗೆ ಹೊಸ ಕಾಗದ ಅಂಟಿಸಿತ್ತು. ಆರ್ಡಿತ್ ಹೆಬ್ಬೆರಳಿನಿಂದ ಒತ್ತಿದಳು, ಮೆತ್ತಗೆ ಒಳಗೆ ಹೋಯಿತು. ಹೊರಬಂದು ಗ್ಲೆಂಡಾಳಿಗೆ, "ಟಾಪಿಗೆ ನೀರು ಹೊಯ್ದು ತೋರಿಸು ಅಂತ ಕೇಳು," ಎಂದಳು.

ಗ್ಲೆಂಡಾ ಕೇಳಿದಳು. ಅಷ್ಟರಲ್ಲಿ ಸುತ್ತ ಸೇರಿದ್ದ ಬಿಡಾರದವರು ಬೆಚ್ಚಿದರು. ಅಂಥ ಪರೀಕ್ಷೆ ಈ ಬಯಲಿನಲ್ಲಿ ಯಾರೂ ಕೇಳಿದ್ದಿಲ್ಲ. ಇಲ್ಲಿ ನೀರು ಪಟ್ಟಣದಿಂದ ಹೊತ್ತು ತರಬೇಕು. ಪಾತ್ರೆ ತೊಳೆದ ನೀರಲ್ಲೇ ಕೈಕಾಲು ತೊಳೆಯುವ ಜನ.

ಲೈಲ್ ಗಹಗಹಿಸಿ ನಕ್ಕ. "ಹೊಯ್ರಿ ಮೇಡಂ, ನಂದೇನು? ಅಷ್ಟು ನೀರು ಯಾರಪ್ಪ ಕೊಡ್ತಾರೆ?"

"ನನ್ನ ಟ್ಯಾಂಕಲ್ಲಿರೋದೆಲ್ಲ ನಿಂಗೇ," ಎಂದಳು ಆರ್ಡಿತ್. "ನಾನು ವಾರ ಸ್ನಾನ ಮಾಡದಿದ್ರೂ ಸೈ."

ಫೆರಿಸ್ ಕೆಮ್ಮಿ, "ನಾನಂತೂ ಮದುವೆಗೆ ಮಾಡಿದ್ದೇ ಕೊನೆ ಸ್ನಾನ. ನಂದೂ ತಗೊಳ್ಳಿ," ಎಂದ. ಜನ ಘೊಳ್ಳೆಂದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಗಾಡಿಗೆ ಹೋಗಿ ಕ್ಯಾನು ತಂದರು. ಮರ್ಲ್ ಎಲ್ಲರಿಗೂ ಬೇಕಾದವನಾಗಿದ್ದ. ಫೆರಿಸ್ ತನ್ನ ಪಂಪು ಹಚ್ಚಿ ಪೈಪು ಎತ್ತಿದ. ಆರ್ಡಿತ್ ಕೆಳಗೆ ನಿಂತು, "ಬಣ್ಣ ಬಳಿದ ಕಡೆ ಬೇಡ, ಏಸಿ ಪೆಟ್ಟಿಗೆಯ ಬುಡಕ್ಕೆ ಬಿಡು. ಬ್ರಷ್ಷು ಅಲ್ಲಿಗೆ ಹೋಗಿರಲ್ಲ," ಎಂದಳು.

ನೀರು ಇಳಿಯಿತು. ಮೊದಲು ಏನೂ ಆಗಲಿಲ್ಲ, ಲೈಲ್ ಸಿಳ್ಳೆ ಹೊಡೆಯತೊಡಗಿದ. ನಾಲ್ಕು ಕ್ಯಾನು ಖಾಲಿಯಾಗುವ ಹೊತ್ತಿಗೆ ಒಳಗಿದ್ದ ರಾಸ್, "ಅಯ್ಯೋ, ಹಾಸಿಗೆ!" ಎಂದು ಕೂಗಿದ. ಒಳಛಾವಣಿ ಹೊಟ್ಟೆ ಬಂದವರ ಹಾಗೆ ಉಬ್ಬಿ, ಬಿರಿದು, ಕಂದು ನೀರು ಧೋ ಎಂದು ಸುರಿಯಿತು. ರಾಸ್ ತಲೆಯೊರೆಸಿಕೊಳ್ಳುತ್ತ ಹೊರಗೆ ಬಂದ. ಲೈಲ್‌ನ ಸಿಳ್ಳೆ ನಿಂತಿತ್ತು.

ಮರುಗಳಿಗೆ ಅವನ ಕೈ ಎದೆಗೆ ಹೋಯಿತು. "ನಂಗೇನ್ ಗೊತ್ತಿತ್ತು? ದೇವರಾಣೆ, ನಾನೂ ನಂಬಿ..."

ಆರ್ಡಿತ್ ಗಾಡಿಯ ಹಿಂದಿನ ಏಣಿ ತೋರಿಸಿದಳು. "ಗೊತ್ತಿಲ್ದಿದ್ರೆ ಒಳ್ಳೇದೇ ಆಯ್ತು. ಹತ್ತು."

"ಯಾಕೆ ಮೇಡಂ?"

"ಟಾಪು ಗಟ್ಟಿ ಇದೆ ಅಂತ ತಾನೇ ನೀನು ನಂಬಿರೋದು? ಎಲ್ಲಿ ಸೋರ್ತಿದೆ ನೋಡ್ಕೊಂಡು ಬಾ. ಈ ತುದಿಯಿಂದ ಆ ತುದಿಗೆ ನಡಿ. ಹತ್ತು."

ಲೈಲ್ ಜನರನ್ನು ನೋಡಿದ. ಒಂದು ಮೆಟ್ಟಿಲು ಹತ್ತಿದ, ಇನ್ನೊಂದು ಹತ್ತಿದ. ಟಾಪಿನ ಅಂಚು ಮುಖಕ್ಕೆ ಬಂದಾಗ ಅಲ್ಲೇ ನಿಂತ. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿತ್ತು.

"ನಡಿ," ಎಂದಳು ಆರ್ಡಿತ್.

"ಆಗಲ್ಲ."

"ಯಾಕೆ?"

"ಮುರಿಯುತ್ತೆ," ಎಂದ ಲೈಲ್. ಧ್ವನಿಯಲ್ಲಿ ಬೆಣ್ಣೆ ಉಳಿದಿರಲಿಲ್ಲ. "ಕೊಳೆತು ಹೋಗಿದೆ. ಕಾಲಿಟ್ರೆ ಮುರಿಯುತ್ತೆ. ನಾನೇ ಬಣ್ಣ ಹೊಡ್ಸಿದ್ದು."

"ನಮ್ಮ ಗಾಡೀದು?"

ಅವನು ಏಣಿಯನ್ನು ತಬ್ಬಿಕೊಂಡ. "ಅದೂ ಹಂಗೇ," ಎಂದ.

"ಮತ್ತೆ ಮರ್ಲ್‌ಗೆ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀವು ತಗೋತಿರ್ಲಿಲ್ಲ."

ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಇರಲೇ ಇಲ್ಲ. ಗ್ಲೆಂಡಾ ಬಾಯಿಗೆ ಕೈ ಹಿಡಿದಳು. ಫೆರಿಸ್ ಪೈಪು ಕೆಳಗೆ ಹಾಕಿ, "ಸಾಕು ಬಿಡು ಆರ್ಡಿತ್, ಒಪ್ಕೊಂಡನಲ್ಲ. ಇಳೀಲಿ," ಎಂದ.

ಈ ಮಾತು ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು ಆರ್ಡಿತ್. ಆಗಲಿಲ್ಲ. ರುಚಿ ಹತ್ತಿತು. ಏಣಿಯ ಬುಡಕ್ಕೆ ಹೋಗಿ ಅವನು ಇಳಿಯದಂತೆ ಅಡ್ಡ ನಿಂತಳು.

"ಜೋರಾಗಿ ಹೇಳು," ಎಂದಳು. "ಹಿಂದೆ ನಿಂತವರಿಗೆ ಕೇಳಿಸ್ಲಿಲ್ಲ."

ಲೈಲ್ ಮತ್ತೆ ಹೇಳಿದ.

"ಇನ್ನೊಂದ್ಸಲ."