ನೂರು ವರ್ಷ ಅಂತ ಇದೆ ಸಾರ್

"ಇದು ಸಿನಿಮಾದ ಮಾತು ಅಂತಾಳೆ ಈ ನೇತ್ರಾವತಿ. ಅದೂ ರಕ್ತ ಕುಡಿಯೋನ ಸಿನಿಮಾ," ಎನ್ನುತ್ತ ಪ್ರಿನ್ಸಿಪಾಲ್ ಗಣಪಯ್ಯ ಚೀಟಿಯನ್ನು ಮೇಘನಳ ಕಡೆಗೆ ತಿರುಗಿಸಿಟ್ಟರು. "ನಿಮ್ಮನೇಲೇ ನೋಡಿದ್ದಂತೆ. ಹೌದೇನಮ್ಮ?"

ಮೇಘನ ಅಪ್ಪನ ಮುಖ ನೋಡಿದಳು. ನರಸಿಂಹರಾಜಪುರದ ಪೇಟೆಯಲ್ಲಿ ಅಂಗಡಿ ಇದ್ದ, ಕಾಲೇಜಿನ ಸಮಿತಿಯಲ್ಲೂ ಇದ್ದ ಶಿವಶಂಕರಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಮೇಘನಳ ಜೊತೆ ಓದುವ ನೇತ್ರಾವತಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಹಾಸ್ಟೆಲ್ ವಾರ್ಡನ್ ಸುಲೋಚನಮ್ಮ, ಓಡಿಹೋಗುವವಳನ್ನು ಕಾಯುವಂತೆ.

ಚೀಟಿ ಸಿಕ್ಕಿದ್ದು ಅವರದೇ ಕ್ಲಾಸಿನ ಉಜ್ವಲನ ಫಿಸಿಕ್ಸ್ ರೆಕಾರ್ಡಿನಲ್ಲಿ. ಅಕ್ಷರ ನೇತ್ರಾವತಿಯದು. ಕಾಲೇಜಿನ ಬೋರ್ಡಿನಲ್ಲಿ ದಿನಾ ಸುಭಾಷಿತ ಬರೆಯುವವಳೇ ಅವಳಾದ್ದರಿಂದ ಗುರುತು ಹಿಡಿಯಲು ಯಾರೂ ತಿಣುಕಬೇಕಾಗಿರಲಿಲ್ಲ. 'ನೀನು ಒಳಗೆ ಕರೆಯದೆ ನಾನು ಹೊಸ್ತಿಲು ದಾಟಲಾರೆ. ಸೋಮವಾರದವರೆಗೆ ಹೊರಗೇ ಕಾಯುತ್ತೇನೆ.' ಕೆಳಗೆ ಹೆಸರಿರಲಿಲ್ಲ.

ಆ ಸಿನಿಮಾದ ಡಿಸ್ಕನ್ನು ದಸರಾ ರಜೆಯಲ್ಲಿ ಸೋದರಮಾವ ಶಿವಮೊಗ್ಗದಿಂದ ತಂದುಕೊಟ್ಟಿದ್ದ. ಇಂಗ್ಲಿಷಿನದು. ಸಾವಿಲ್ಲದ ಬಿಳಿಚು ಹುಡುಗನೊಬ್ಬ ಅದರ ನಾಯಕ. ಮನೆಯವರು ಬಾಯಿಬಿಟ್ಟು ಕರೆದರಷ್ಟೇ ಒಳಗೆ ಬರಬಲ್ಲವನು, ಕರೆಯುವ ತನಕ ನೂರು ವರ್ಷ ಹೊರಗೇ ಕಾಯುತ್ತೇನೆ ಎನ್ನುವವನು. ಮಾತುಗಳನ್ನು ಬರೆದುಕೊಂಡು ಇಂಗ್ಲಿಷ್ ಕಲಿಯುತ್ತೇನೆಂದು ನೇತ್ರಾವತಿ ಭಾನುವಾರಗಳಲ್ಲಿ ಹಾಸ್ಟೆಲಿನಿಂದ ಬರತೊಡಗಿದಳು. ಮೇಘನಳ ಅವ್ವ ಪ್ರೇಮಕ್ಕ ಅವಳನ್ನು ಬರಬೇಡ ಎನ್ನಲಿಲ್ಲ. ಒಳಗೆ ಬಾ ಎಂದೂ ಅನ್ನಲಿಲ್ಲ. ಜಗಲಿ ಕಡೆಯ ಕಿಟಕಿ ತೆರೆಸಿ ಟಿ.ವಿ.ಯನ್ನು ಒಂಚೂರು ಅತ್ತ ತಿರುಗಿಸಿದರು. ಅಷ್ಟಕ್ಕೇ ಆ ಮನೆಯವರಿಗೆ ತಮ್ಮ ಬಗ್ಗೆ ಹೆಮ್ಮೆಯೆನಿಸಿತ್ತು.

ಕಿಟಕಿಯ ದಂಡೆಗೆ ನೋಟ್‌ಬುಕ್ ಒತ್ತಿ ಹಿಡಿದು ನೇತ್ರಾವತಿ ಕೂಗುತ್ತಿದ್ದಳು: "ನಿಲ್ಸೇ! ಹಿಂದೆ ಹೋಗು. ಇನ್ನೊಂದ್ಸಲ."

ರಿಮೋಟ್ ಮೇಘನಳ ಕೈಯಲ್ಲಿ. "ಎಷ್ಟು ಸಲವೇ? ಅರ್ಥ ಆಯ್ತಲ್ಲ, ಸಾಕು."

"ಒಂದಕ್ಷರ ಬಿಟ್ರೂ ಅದು ಅವನ ಮಾತಲ್ಲ ಮಾರಾಯ್ತಿ. ನಮ್ಮ ಮಾತಾಗತ್ತೆ."

ಇಂಗ್ಲಿಷಿನ ಸಾಲು, ಅದರ ಕೆಳಗೆ ಕನ್ನಡ. ನೋಟ್‌ಬುಕ್ಕಿನ ಅರ್ಧ ಹಾಗೆ ತುಂಬಿತ್ತು.

ಉಜ್ವಲನಿಗೆ ಚೀಟಿ ಕೊಡಬೇಕೆನಿಸಿದ್ದು ಮೇಘನಳಿಗೆ. ತನ್ನ ಅಕ್ಷರ ಕಾಗೆ ಕಾಲಿನಂತಿದೆ ಎಂದು ಲ್ಯಾಬಿನ ಹಿಂದೆ ಕೂತು ಗೆಳತಿಯ ಕೈಯಲ್ಲಿ ಬರೆಸಿದ್ದಳು. "ನೂರು ವರ್ಷ ಬೇಡ. ಸೋಮವಾರದವರೆಗೆ ಅಂತ ಬರಿ. ಅಷ್ಟರೊಳಗೆ ಅವನು ಏನಾದ್ರೂ ಹೇಳ್ಲಿ."

ನೇತ್ರಾವತಿ ಬಿದ್ದು ಬಿದ್ದು ನಕ್ಕಿದ್ದಳು. "ಯಾಕೆ, ನಿಮ್ಮನೆಯವರ ಹಂಗೆ ಆ ರಕ್ತ ಕುಡಿಯೋನೂ ಸೋಮವಾರ ಉಪವಾಸ ಇರ್ತಾನಾ?" ನಕ್ಕು, ಬರೆದುಕೊಟ್ಟಿದ್ದಳು.

"ಹೇಳಮ್ಮ," ಎಂದರು ಗಣಪಯ್ಯ. "ಸಿನಿಮಾದಲ್ಲಿ ಹಿಂಗೇ ಇದೆಯಾ?"

ಮೇಘನ ಚೀಟಿಯ ಮೇಲೆ ಕಣ್ಣಾಡಿಸಿದಳು. "ಇಲ್ಲ," ಎಂದಳು. "ನೂರು ವರ್ಷ ಅಂತ ಇದೆ ಸಾರ್."

ಸುಲೋಚನಮ್ಮ ಹಾಸ್ಟೆಲಿನಿಂದ ತಂದಿದ್ದ ನೋಟ್‌ಬುಕ್ಕಿನ ಹಾಳೆಗಳನ್ನು ಮಗುಚಿದರು. ಅಲ್ಲೂ ನೂರು ವರ್ಷವೇ ಇತ್ತು, ಒಂದಕ್ಷರ ಆಚೀಚೆಯಿಲ್ಲದೆ.

"ಹಂಗಾದ್ರೆ ಸೋಮವಾರದ ಮಾತು ಇವಳದ್ದೇ," ಎಂದರು ಗಣಪಯ್ಯ.

"ಬರ್ದಿದ್ದು ನಾನೇ ಸಾರ್, ಆದ್ರೆ..." ನೇತ್ರಾವತಿ ಅಲ್ಲಿಗೇ ನಿಲ್ಲಿಸಿ ಮೇಘನಳನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಉಳಿದ ಅರ್ಧ ನೀನು ಹೇಳು ಎಂಬ ನಂಬಿಕೆ ಇತ್ತು. ಮೇಘನ ತನ್ನ ಚಪ್ಪಲಿಯ ತುದಿ ನೋಡಿದಳು. ಶಿವಶಂಕರಪ್ಪ ಕನ್ನಡಕ ಹಾಕಿಕೊಂಡರು. ನೇತ್ರಾವತಿ ಆ ವಾಕ್ಯವನ್ನು ಮುಗಿಸಲೇ ಇಲ್ಲ.

ಸೆಕೆಂಡ್ ಪಿಯು ಪರೀಕ್ಷೆಗೆ ಆರು ವಾರ ಇತ್ತು. ಮಾರನೇ ದಿನವೇ ಹಾಸ್ಟೆಲಿನ ಸೀಟು ಹೋಯಿತು. ಹರಿಹರಪುರದ ಕಡೆಯಿಂದ ಅವಳ ತಾಯಿ ಕರಿಯಕ್ಕ ಕೂಲಿ ಬಿಟ್ಟು ಬಂದಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತಿದ್ದವಳು ಮೇಘನಳನ್ನು ಕಂಡವಳೇ ಎದ್ದು ನಿಂತಳು.

"ಸಣ್ಣಮ್ಮಾ, ಇದು ನಿಮ್ಮನೆಗೆ ಟಿ.ವಿ. ನೋಡಕ್ಕೆ ಬರ್ತಿತ್ತಂತೆ. ನಂಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ಅವ್ವಾ, ಸುಮ್ನಿರು ನೀನು!" ಎಂದಳು ನೇತ್ರಾವತಿ. ಮೇಘನಳ ಕಡೆ ತಿರುಗಲಿಲ್ಲ.

ಬಸ್ಸು ಹೊರಟ ಮೇಲೆ ಮೇಘನ ನೆಟ್ಟಗೆ ಅಂಗಡಿಗೆ ಹೋದಳು. ಗಿರಾಕಿ ಇಳಿದುಹೋಗುವ ತನಕ ತಡೆದಳು. "ಅಪ್ಪಾಜಿ, ಆ ಚೀಟಿ ಬರೆಸಿದ್ದು ನಾನು."

ಶಿವಶಂಕರಪ್ಪ ತಲೆಯೆತ್ತಲಿಲ್ಲ. "ಗೊತ್ತು."

"ಗೊತ್ತಾ?"

"ನೀನು ಚೀಟಿ ಇಟ್ಟಿದ್ದು ನೋಡಿದ್ದೆ ಅಂತ ಉಜ್ವಲ್ ಅವತ್ತೇ ಅವರಪ್ಪಂಗೆ ಹೇಳಿದ್ದ. ಪ್ರಿನ್ಸಿಪಾಲರಿಗೂ ಗೊತ್ತು."

"ಮತ್ತೆ ನನ್ನ ಯಾಕೆ ಕೇಳಿದ್ರು?"

"ಸಿನಿಮಾದಲ್ಲಿ ಹಂಗಿಲ್ಲ ಅನ್ನೋದು ನಿನ್ನ ಬಾಯಲ್ಲಿ ಬರಬೇಕಿತ್ತು. ಬಂತಲ್ಲ." ಅವರು ತಕ್ಕಡಿಯ ತಟ್ಟೆ ಒರೆಸಿದರು. "ಮನೆಗೆ ಹೋಗಿ ಓದ್ಕೋ. ಅವಳ ಪುಸ್ತಕದ ಖರ್ಚಿಗೆ ಏನಾದ್ರೂ ಕಳಿಸಿಕೊಡೋಣ."

ಭಾನುವಾರ ಮಧ್ಯಾಹ್ನ ಮೇಘನ ಒಬ್ಬಳೇ ಡಿಸ್ಕ್ ಹಾಕಿದಳು. ಹುಡುಗ ಬಾಗಿಲಾಚೆ ಬಂದು ನಿಂತ. ತುಟಿ ತೆರೆದ. ಅವಳ ಹೆಬ್ಬೆರಳು ತಾನಾಗಿಯೇ ಒತ್ತಿತು, ಚಿತ್ರ ನಿಂತಿತು.

ಕಿಟಕಿ ತೆರೆದೇ ಇತ್ತು. ದಂಡೆಯ ಮೇಲೆ ಶಾಯಿಯ ಒಂದು ಕಲೆ, ಪಕ್ಕದಲ್ಲಿ ಪೆನ್ನಿನ ಮುಚ್ಚಳ. ಇನ್ನೊಂದ್ಸಲ ಎನ್ನುವವರು ಅಲ್ಲಿರಲಿಲ್ಲ. ಮೇಘನ ರಿಮೋಟ್ ಹಿಡಿದೇ ಕೂತಳು. ಪರದೆಯಲ್ಲಿ ಹುಡುಗ ಹೊಸ್ತಿಲಿನ ಆಚೆ ಬಾಯಿ ತೆರೆದುಕೊಂಡು ನಿಂತೇ ಇದ್ದ.