ಸೊನ್ನೆ ನಿಮಿಷ

ಸ್ನೇಹಲತಾ ಹಾಸನದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಳು. ಆ ವರ್ಷದಿಂದ ಅರ್ಧ ಪಾಠ ತರಗತಿಯಲ್ಲಿ, ಉಳಿದರ್ಧ ಆನ್‌ಲೈನಿನಲ್ಲಿ. ತನ್ನ ಪಾಠಗಳನ್ನು ಅವಳೇ ವಿಡಿಯೊ ಮಾಡಿ ಕಾಲೇಜಿನ ಪೋರ್ಟಲ್‌ಗೆ ಹಾಕುತ್ತಿದ್ದಳು. ಯಾರು ಎಷ್ಟು ನಿಮಿಷ ನೋಡಿದರೆಂದು ಪೋರ್ಟಲ್ಲೇ ತೋರಿಸುತ್ತಿತ್ತು. ತೀರ ಕಡಿಮೆ ನೋಡಿದವರ ಮನೆಗೆ ಫೋನ್ ಮಾಡಿ ತಿಳಿಸಬೇಕೆಂದು ಪ್ರಾಂಶುಪಾಲರ ಆದೇಶವಿತ್ತು.

ಎರಡನೇ ತಿಂಗಳ ಪಟ್ಟಿಯಲ್ಲಿ ಸೌಜನ್ಯಳ ಹೆಸರಿನ ಮುಂದೆ ಸೊನ್ನೆ ಇತ್ತು. ಸ್ನೇಹಲತಾಗೆ ಆಶ್ಚರ್ಯವೇ ಆಯಿತು. ಮುಂದಿನ ಬೆಂಚಿನ ಹುಡುಗಿ, ತರಗತಿಯಲ್ಲಿ ಬಿಡದೆ ಪ್ರಶ್ನೆ ಕೇಳುವವಳು. ಆದರೆ ಅಂದು ಹದಿನೇಳು ಮನೆಗಳಿಗೆ ಫೋನ್ ಮಾಡುವುದಿತ್ತು. ಯೋಚಿಸುತ್ತ ಕೂರದೆ, ರಾಮನಾಥಪುರದ ಬಳಿಯ ಹಳ್ಳಿಯಲ್ಲಿದ್ದ ಅವಳ ತಂದೆ ಈಶ್ವರಯ್ಯನವರ ನಂಬರ್ ಒತ್ತಿದಳು.

"ಒಂದು ನಿಮಿಷಾನೂ ನೋಡಿಲ್ವಾ?" ಆ ಕಡೆಯ ದನಿ ತಗ್ಗಿತು. "ದಿನಾ ಸಂಜೆ ಫೋನ್ ಇಡ್ಕಂಡು ಎರಡು ಗಂಟೆ ಕೂತಿರ್ತಾಳಲ್ಲ ಮೇಡಂ, ಪಾಠ ನೋಡ್ತೀನಿ ಅಂತ?"

"ನಮ್ಮಲ್ಲಿ ಸೊನ್ನೆ ತೋರಿಸ್ತಾ ಇದೆ."

"ಅಂಗಾರೆ ಅದ್ರಲ್ಲಿ ಏನ್ ನೋಡ್ತಿದ್ಲು?" ಎಂದು ಕೇಳಿ ಈಶ್ವರಯ್ಯ ಫೋನ್ ಇಟ್ಟರು.

ಸೋಮವಾರ ಸೌಜನ್ಯ ಬರಲಿಲ್ಲ. ವಾರವಿಡೀ ಬರಲಿಲ್ಲ. ಶನಿವಾರ, ಅವಳ ಜೊತೆ ಬಸ್ಸಿನಲ್ಲಿ ಓಡಾಡುವ ಧನಲಕ್ಷ್ಮಿ ಒಂದು ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮೇಡಂ, ಸೌಜನ್ಯನ ಊರಲ್ಲಿ ಫೋನ್ ಬರುತ್ತೆ, ನೆಟ್ ಬರಲ್ಲ. ನಾನೇ ಕಾಲೇಜ್ ವೈಫೈಲಿ ನಿಮ್ ವಿಡಿಯೊ ಎಲ್ಲ ಇಳಿಸ್ಕಂಡು ಅವಳ ಫೋನಿಗೆ ಹಾಕ್ಕೊಡ್ತಿದ್ದೆ. ಮನೇಲಿ ಅದನ್ನೇ ನೋಡ್ತಿದ್ದಿದ್ದು, ಪೋರ್ಟಲ್‌ಗೆ ಅದು ಗೊತ್ತಾಗಲ್ಲ. ಈಗ ಅವ್ರಪ್ಪ ಫೋನ್ ಕಿತ್ಕಂಡವ್ರೆ. ಯಾವನ ಜೊತೆ ಮಾತಾಡ್ತಿದ್ದೆ ಹೇಳು ಅಂತ ಹೊಡೆದವ್ರೆ. ಕಾಲೇಜೇ ಬೇಡ ಅಂದ್ಬುಟ್ಟವ್ರೆ. ಇದು ಅವಳ ನೋಟ್ಸು, ಬರ್ಕೊಳಕ್ಕೆ ಇಸ್ಕಂಡಿದ್ದೆ."

ಸ್ನೇಹಲತಾ ಪುಟ ತಿರುವಿದಳು. ಒಂದು ಪಾಠವೂ ಬಿಟ್ಟುಹೋಗಿರಲಿಲ್ಲ. "ಏಳನೇ ಪಾಠ, ಹನ್ನೆರಡನೇ ನಿಮಿಷ: ಬೇಡಿಕೆ ರೇಖೆ ಬಲಕ್ಕೆ ಹೋಗಿದ್ದು ಯಾಕೆ? ಮೇಡಂನ ಕೇಳಬೇಕು." ಸೌಜನ್ಯ ಅದನ್ನು ತರಗತಿಯಲ್ಲಿ ಕೇಳಿಯೂ ಇದ್ದಳು, ತಾನು ಉತ್ತರವನ್ನೂ ಕೊಟ್ಟಿದ್ದಳು. ವಿಡಿಯೊ ನೋಡದವಳಿಗೆ ಆ ಪ್ರಶ್ನೆ ಹೇಗೆ ಹೊಳೆದೀತು ಎಂದು ಫೋನ್ ಮಾಡುವಾಗ ತನಗೇಕೆ ಅನ್ನಿಸಲಿಲ್ಲ?

ಭಾನುವಾರ ಅರಕಲಗೂಡಿನ ಮೇಲೆ ಹೋಗುವ ಬಸ್ಸು ಹಿಡಿದು ಅವರ ಮನೆಗೆ ಹೋದಳು. ಸೌಜನ್ಯಳ ತಾಯಿ ಬಸವಲಿಂಗಮ್ಮ ಚಾಪೆ ಹಾಸಿ ನೀರು ಕೊಟ್ಟರು. ಸೌಜನ್ಯ ಅಡುಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು. ಸ್ನೇಹಲತಾ ನೋಟ್‌ಬುಕ್ ತೆರೆದಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದಳು.

"ಅವತ್ತು ನೋಡಿಲ್ಲ ಅಂದ್ರಿ, ಇವತ್ತು ನೋಡವ್ಳೆ ಅಂತೀರಿ. ನಾನ್ ಯಾವ್ದು ನಂಬ್ಲಿ ಮೇಡಂ?" ಎಂದರು ಈಶ್ವರಯ್ಯ.

"ತಪ್ಪು ನಂದು. ವಿಚಾರಿಸದೆ ಫೋನ್ ಮಾಡ್ಬಿಟ್ಟೆ."

"ವಾರದಿಂದ ಕೂಸು ಇದ್ನೇ ಬಡ್ಕತಾ ಅದೆ," ಬಸವಲಿಂಗಮ್ಮ ಗಂಡನ ಕಡೆ ತಿರುಗಿದರು. "ನೀವು ಕಿವಿಗೆ ಹಾಕ್ಕಂಡ್ರಾ?"

ಈಶ್ವರಯ್ಯ ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡರು. "ಕಾಲೇಜಿಗೆ ಓಗ್ಲಿ. ಫೋನ್ ಮಾತ್ರ ನನ್ ತಾವೇ ಇರ್ಲಿ." ಅದಕ್ಕಿಂತ ಹೆಚ್ಚು ಅವರು ಸಡಿಲಲಿಲ್ಲ.

ಬಸ್ಸು ಹತ್ತಿಸಲು ಸೌಜನ್ಯ ರಸ್ತೆಯವರೆಗೆ ಬಂದಳು. ಕೆನ್ನೆಯ ಮೇಲೆ ಬಾಸುಂಡೆ ಇನ್ನೂ ಮಾಸಿರಲಿಲ್ಲ.

"ನನಗೆ ಮೊದಲೇ ಹೇಳಬಹುದಿತ್ತಲ್ಲಮ್ಮ?"

"ನೀವು ನನ್ನ ಕೇಳ್ಲೇ ಇಲ್ವಲ್ಲ ಮೇಡಂ. ನೇರ ಅಪ್ಪಾಜಿಗೆ ಫೋನ್ ಮಾಡುದ್ರಿ."

ಬಸ್ಸು ಬಂತು, ಸ್ನೇಹಲತಾ ಹತ್ತಿದಳು.

ಸೌಜನ್ಯ ಲೈಬ್ರರಿಯ ಕಂಪ್ಯೂಟರಿನಲ್ಲಿ ಪಾಠ ನೋಡುವಂತೆ ಸ್ನೇಹಲತಾ ವ್ಯವಸ್ಥೆ ಮಾಡಿದಳು. ಮಕ್ಕಳನ್ನು ಕೇಳದೆ ಇನ್ನು ಯಾರ ಮನೆಗೂ ಫೋನ್ ಮಾಡುವುದಿಲ್ಲವೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಳು. ಅದಕ್ಕಾಗಿ ಬೈಸಿಕೊಂಡಳು ಕೂಡ. ಸೌಜನ್ಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ತೆಗೆದಳು. ಆದರೆ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಮುಂದಿನ ವರ್ಷ ವಿಷಯ ಆರಿಸಿಕೊಳ್ಳುವಾಗ ಅವಳು ಅರ್ಥಶಾಸ್ತ್ರವನ್ನು ಬಿಟ್ಟು ಇತಿಹಾಸ ತೆಗೆದುಕೊಂಡಳು.